ಎಡಗಡೆಯ ಕಳ್ಳ

ನಡೆದದ್ದು ಇಷ್ಟು: ಗೇಮು ಕೆಟ್ಟಿರಲಿಲ್ಲ. ಕಂಪ್ಯೂಟರಿಗೆ ಯಾವ ರೋಗವೂ ಬಂದಿರಲಿಲ್ಲ. ಮೊಮ್ಮಗಳು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದಳು. ನನ್ನ ಎಡಗಿವಿ ಕೇಳುತ್ತಿರಲಿಲ್ಲ, ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಮಿಕ್ಕದ್ದೆಲ್ಲ ಆ ಒಂದು ಸುಳ್ಳು ಹಾಕಿದ ಮರಿಗಳು.

ನಾನು ಓದಿದ್ದು ಎರಡನೆಯ ಇಯತ್ತೆ. ಆದರೆ ಕಿವಿಯ ವಿಷಯದಲ್ಲಿ ನನ್ನದು ದೊಡ್ಡ ಪದವಿ. ಮದುವೆಯಾಗಿ ಮಸ್ಕಿಗೆ ಬಂದಮೇಲೆ ಮೂವತ್ತೈದು ವರ್ಷ ಕುರಿ ಕಾಯ್ದವಳು. ಬೇಸಿಗೆಯಲ್ಲಿ ದಢೇಸುಗೂರಿನ ಕಾಲುವೆಯ ಕಡೆ ಹಿಂಡು ಹೊಡೆದುಕೊಂಡು ಹೋದರೆ, ಬೇವಿನ ನೆರಳಿನಲ್ಲಿ ಕಣ್ಣು ಮುಚ್ಚಿ ಮಲಗಿಯೇ ಹೇಳುತ್ತಿದ್ದೆ: "ಕರಿಮುಖದ್ದು ಕಾಲುವಿ ದಂಡಿಗೆ ಹೋಗೈತಿ. ಕೋಡು ಮುರಿದದ್ದು ಗೌಡ್ರ ನೆಲ್ಲಿನ ಗದ್ದ್ಯಾಗ ಹೊಕ್ಕೈತಿ, ಹೊಡಿರಿ ಅದನ್ನ!" ಕೊರಳ ಗಂಟೆಯ ಸದ್ದಿನಿಂದಲೇ ಯಾವ ಕುರಿ, ಯಾವ ದಿಕ್ಕು, ಎಷ್ಟು ದೂರ, ಎಲ್ಲ ಗೊತ್ತಾಗುತ್ತಿತ್ತು. "ಕಿವಿ ಅಂದ್ರ ಹುಲಿಗೆಮ್ಮಂದು" ಎಂದು ಜನ ಹೊಗಳುತ್ತಿದ್ದರು. ಹೊಗಳಿಕೆಯನ್ನು ನಂಬುವುದಕ್ಕೆ ಹೆಚ್ಚು ಓದು ಬೇಕಿಲ್ಲ. ನಂಬಿದೆ.

ಹಿಂದಿನ ವರ್ಷದ ಚಳಿಗಾಲದಲ್ಲಿ ಎಡಗಿವಿ ನೋಯತೊಡಗಿತು. ಪಕ್ಕದ ಮನೆಯ ಖಾಜಾಬಿ ಬಂದು, "ಅಕ್ಕಾ, ಬಳ್ಳೊಳ್ಳಿ ಎಣ್ಣ್ಯಾಗ ಕಾಸಿ ಹತ್ತ್ಯಾಗ ಇಟ್ಕೋ. ನಮ್ಮ ಅಮ್ಮೀಜಾನ್ ಹಂಗ ಮಾಡ್ತಿದ್ಳು" ಎಂದಳು. ಇಟ್ಟುಕೊಂಡೆ. ಎರಡು ದಿನಕ್ಕೆ ನೋವು ಹೋಯಿತು. ಅದರ ಬೆನ್ನಿಗೇ ಕೇಳುವುದೂ ಹೋಯಿತು. ಹೋಗುವಾಗ ಒಂದು ಮಾತು ಹೇಳಿ ಹೋಗಲಿಲ್ಲ.

ವಯಸ್ಸು ಎಂದುಕೊಂಡು ಸುಮ್ಮನಾದೆ. ಊರಿಗೆ ಹೇಗೆ ಹೇಳಲಿ? ಪೈಲ್ವಾನನು ಮಂಡಿ ನೋವು ಎಂದು ಅಖಾಡದಲ್ಲಿ ಕೂಗುತ್ತಾನೆಯೇ? ಮಾತಾಡುವವರನ್ನು ಬಲಗಡೆಗೆ ಕೂರಿಸಿಕೊಳ್ಳುವುದನ್ನು ಕಲಿತೆ. ಕೇಳಿಸದೇ ಹೋದರೆ "ಹ್ಞೂಂ, ಅದೂ ಖರೇನ" ಎನ್ನುವುದನ್ನು ಕಲಿತೆ. ಈ ಒಂದು ಮಾತಿನಿಂದ ಓಣಿಯಲ್ಲಿ ನನಗೆ ತಿಳಿವಳಿಕಸ್ಥೆ ಎಂಬ ಹೆಸರೂ ಬಂತು!

ನಮ್ಮ ಮುದುಕ ಅಮರಪ್ಪ ಮಾತ್ರ ಅದೇಕೋ ಯಾವಾಗಲೂ ನನ್ನ ಎಡಕ್ಕೇ ಬಂದು ಕೂರುತ್ತಿದ್ದ. ಬಲಗಡೆ ಗಾಳಿ ಇದ್ದರೂ ಎಡಕ್ಕೇ. ಇಷ್ಟು ವರ್ಷವಾದ ಮೇಲೆ ಪ್ರೀತಿ ಉಕ್ಕಿರಬೇಕು ಎಂದುಕೊಂಡೆ. ಅಲ್ಲಿಗೇ ನನಗೆ ಅನುಮಾನ ಬರಬೇಕಿತ್ತು.

ಇನ್ನು ಮೊಮ್ಮಗಳು ರೇಣುಕಾ. ಲಿಂಗಸುಗೂರಿನಲ್ಲಿ ಕಾಲೇಜು ಮುಗಿಸಿ, ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಸದ್ದಿನ ಕೆಲಸ ಮಾಡುತ್ತಾಳೆ. ಸದ್ದು ಮಾಡುವ ಕೆಲಸ ಅಲ್ಲ, ಅದನ್ನು ಅವಳ ಅಜ್ಜ ಮಾಡುತ್ತಾನೆ. ಇವಳದು ಸದ್ದನ್ನು ಅದರ ಅದರ ಜಾಗದಲ್ಲಿ ಕೂರಿಸುವ ಕೆಲಸ.

ಒಂದು ಶನಿವಾರ ಊಟಕ್ಕೆ ಕೂತಾಗ ಬಿಡಿಸಿ ಹೇಳಿದಳು.

"ಒಂದು ಹಳೇ ಗೇಮ್ ಐತಜ್ಜಿ. ನಾ ಹುಟ್ಟೂಕಿಂತ ಮೊದಲಿಂದು. ಕಲ್ಲಿನ ಕೋಟಿ ಕಾಯೋ ಕಾವಲುಗಾರ, ಕಳ್ಳರು ಬರ್ತಾರ, ಹೆಜ್ಜಿ ಸಪ್ಪಳ ಕೇಳಿ ಹಿಡೀಬೇಕು. ಆದ್ರ ಆಗಿನ ಕಾಲದಾಗ ಸದ್ದು ಬರೀ ಎಡಕ್ಕ, ಬಲಕ್ಕ. ಹಿಂದ ಬಂದ ಕಳ್ಳನೂ ಮುಂದ ಬಂದ ಕಳ್ಳನೂ ಒಂದ ನಮೂನಿ ಕೇಳ್ತಾನ."

"ಅಂಥಾ ಕಾವಲುಗಾರನ್ನ ಯಾರು ಇಟ್ಕೊಂಡ್ರವಾ? ನಮ್ಮ ನಾಯೀನ ವಾಸಿ."

"ಅದಕ್ಕ ಕಂಪನಿಯೋರು ಹೊಸದಾಗಿ ಮಾಡಸಾಕತ್ತಾರ. ಹಿಂದ, ಮುಂದ, ಮ್ಯಾಲ, ಕೆಳಗ, ಎಲ್ಲಾ ಕಡಿಂದ ಸದ್ದು ಬರಬೇಕು. ಗ್ವಾಡಿ ಮ್ಯಾಲ ಕಳ್ಳ ನಡದ್ರ ನೆತ್ತಿ ಮ್ಯಾಲ ನಡದಂಗ ಆಗಬೇಕು. ನಮೂನಾಕ ಅಂತ ಕೋಟಿಯ ಒಂದು ಬಾಗಿಲು ಮಾಡಿ ಬುಧವಾರ ಸಂಜಿ ಆರಕ್ಕ ಕಳಸಬೇಕು. ಚಲೋ ಅನಿಸಿದ್ರ ಇಡೀ ಗೇಮ್ ನನಗ. ಇಲ್ಲೇ ಕುಂತು ಮಾಡಬಹುದು."

"ಅನಿಸಲಿಲ್ಲಂದ್ರ?"

ರೇಣುಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಅಪ್ಪ ಆಗ್ಲೇ ಹೇಳ್ಯಾನಲ್ಲ. ಸಿಂಧನೂರಿನ ಅಕ್ಕಿ ಮಿಲ್ಲಿನ ಆಫೀಸು. ಅದರ ಮುಂದಿನ ಸೋಮವಾರದಿಂದ ಹೋಗು ಅಂತಾನ."

ಅಕ್ಕಿ ಮಿಲ್ಲಿನ ಗದ್ದಲದಲ್ಲಿ ಹಿಂದಿನ ಸದ್ದು, ಮುಂದಿನ ಸದ್ದು ಎಂದು ಕೂತರೆ ಜನ ಹುಚ್ಚಿ ಎಂದಾರು. ನನಗೆ ಸಂಕಟವಾಯಿತು.

"ತಿಂಗಳಾತು ಇದನ್ನ ಕೇಳಿ ಕೇಳಿ ನನ್ನ ಕಿವಿ ಜಡ್ಡುಗಟ್ಯಾವ," ಎಂದಳು. "ಎಲ್ಲಿ ಯಾವ ಸದ್ದು ಇಟ್ಟೀನಿ ಅಂತ ನನಗ ಮೊದಲ ಗೊತ್ತಿರತೈತಿ. ಗೊತ್ತಿಲ್ಲದ ಕಿವಿ ಬೇಕು. ಅಜ್ಜಿ, ನಿನ್ನ ಕಿವಿ..."

ಅವಳು ಮಾತು ಮುಗಿಸುವ ಮೊದಲೇ ನಾನು ಕೈ ತೊಳೆದಿದ್ದೆ.

"ನನ್ನ ಕಿವಿ ಇರೂದ ಅದಕ್ಕವಾ! ನಡಿ!"

ಒಂದು ಕಿವಿ ಎಂದು ಹೇಳಲು ಅದು ಸರಿಯಾದ ಹೊತ್ತು. ಹೊತ್ತು ಬಂತು, ನನ್ನ ಮುಂದೆ ನಿಂತಿತು, ನಾನು ಅದರ ಮುಖ ನೋಡಲಿಲ್ಲ.

ಮೊದಲನೆಯ ಅಡಚಣೆ ನನ್ನ ಬುಗುಡಿ. ಕಿವಿಗೆ ಹಾಕುವ ಆ ಹೆಡ್‌ಫೋನು ನನ್ನ ಕಿವಿಯ ಮೇಲಿನ ಬುಗುಡಿಗೆ ತಾಗಿ ಕೂರಲೊಲ್ಲದು. "ಇವನ್ನ ತೆಗಿಯಜ್ಜಿ" ಎಂದಳು.

"ಇವು ನನ್ನ ಮದುವ್ಯಾಗ ಹಾಕಿದ್ದು. ಚಿತೀಗೆ ಹೋಗೂ ಮುಂದ ತೆಗೀತಾರ."

"ಅಲ್ಲೀತನಕ ಕಂಪನಿಯೋರು ತಡಿಯಂಗಿಲ್ಲ!"

ಕೊಬ್ಬರಿ ಎಣ್ಣೆ ಹಚ್ಚಿದೆವು. ಬರಲಿಲ್ಲ. ಸೋಪು ಹಚ್ಚಿದೆವು. ಬರಲಿಲ್ಲ. ಕೊನೆಗೆ ಮುದುಕ ಇಕ್ಕಳ ಹಿಡಿದುಕೊಂಡು ಬಂದ. ನನ್ನ ಎಡಕ್ಕೆ ಕೂತು ಏನೋ ಗೊಣಗಿದ. ರೇಣುಕಾ ನಗು ತಡೆದುಕೊಳ್ಳಲು ಸೆರಗಿಲ್ಲದ್ದಕ್ಕೆ ದುಪ್ಪಟ್ಟಾ ಬಾಯಿಗಿಟ್ಟಳು. ನನಗೆ ಏನೂ ಕೇಳಿಸಿರಲಿಲ್ಲ. ನನ್ನ ಪದ್ಧತಿಯಂತೆ ಗಂಭೀರವಾಗಿ ತಲೆಯಾಡಿಸಿ, "ಹ್ಞೂಂ, ಅದೂ ಖರೇನ" ಎಂದೆ.

ರೇಣುಕಾ ನೆಲಕ್ಕೆ ಬಿದ್ದು ನಕ್ಕಳು. ಮುದುಕ ಹೇಳಿದ್ದು "ಹಳೇ ಎಮ್ಮಿ, ಮೂಗುದಾರ ಬಿಚ್ಚಿದ್ರ ಒದೀತೈತಿ" ಎಂದು. ಇದು ನನಗೆ ತಿಳಿದದ್ದು ನಾಲ್ಕು ದಿನ ಬಿಟ್ಟು!

ಬುಗುಡಿ ಬಂತು, ಪರೀಕ್ಷೆ ಶುರುವಾಯಿತು. ರೇಣುಕಾಳನ್ನು ನಾನೇ ಬಲಗಡೆಗೆ ಕೂರಿಸಿಕೊಂಡೆ. ಅವಳೂ ಒಂದು ಹೆಡ್‌ಫೋನು ಹಾಕಿಕೊಂಡಳು. ಸದ್ದು ಬಂದ ದಿಕ್ಕಿಗೆ ನಾನು ಕೈ ತೋರಿಸಬೇಕು. ಮೊದಲನೆಯ ಹೆಜ್ಜೆ ಸಪ್ಪಳ. ಬಲಕ್ಕೆ ತೋರಿಸಿದೆ, ಸರಿಯಾಯಿತು. ಎರಡನೆಯದು ಬರಲೇ ಇಲ್ಲ. ಅಂದರೆ ಅದು ಎಡಗಡೆಯದು. ಇನ್ನು ಹಿಂದೆ, ಮೇಲೆ ಎಂದರೆ ಒಂದು ಕಿವಿಯಿಂದ ಹೇಗೆ ಹೇಳುವುದು? ಬೆವರಿದೆ.

ಕುರಿ ಕಾಯುವವರಲ್ಲಿ ಒಂದು ವಿದ್ಯೆ ಇದೆ. ತೋಳ ಎಲ್ಲಿದೆ ಎಂದು ಅಡವಿಯಲ್ಲಿ ಹುಡುಕಬಾರದು, ನಾಯಿಯ ಮುಖ ನೋಡಬೇಕು. ನಾಯಿಗೆ ಮೊದಲೇ ಗೊತ್ತಿರುತ್ತದೆ. ಓರೆಗಣ್ಣಿನಲ್ಲಿ ರೇಣುಕಾಳ ಮುಖ ನೋಡಿದೆ. ಸದ್ದು ಮೇಲಿನಿಂದ ಬಂದರೆ ಹುಡುಗಿಯ ಹುಬ್ಬು ಏರುತ್ತದೆ. ಹಿಂದಿನಿಂದ ಬಂದರೆ ಹೆಗಲು ಕುಗ್ಗುತ್ತದೆ. ಎಡಕ್ಕೆ ಬಂದರೆ ಗದ್ದ ಎಡಕ್ಕೆ ಎಳೆಯುತ್ತದೆ. ಅವಳಿಗೇ ಗೊತ್ತಿಲ್ಲದೆ ಎಲ್ಲವನ್ನೂ ಹೇಳಿಕೊಡುತ್ತಿದ್ದಳು!

"ಹಿಂದ!" ಎಂದೆ. "ನೆತ್ತಿ ಮ್ಯಾಲ!" ಎಂದೆ. "ಎಡಕ್ಕ, ಒಂಚೂರು ಕೆಳಗ!" ಎಂದೆ.

"ಹತ್ತಕ್ಕ ಹತ್ತು!" ರೇಣುಕಾ ನನ್ನನ್ನು ಅಪ್ಪಿಕೊಂಡಳು. "ನನಗೂ ಇಷ್ಟು ಸರಿಯಾಗಿ ಬರಂಗಿಲ್ಲಜ್ಜಿ!"

ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಹೆಮ್ಮೆಯಾಯಿತು. ಹೊರಗೆ ಹೋಗಿ ಖಾಜಾಬಿಗೂ ಹೇಳಿ ಬಂದೆ.

ಭಾನುವಾರ ನಿಜವಾದ ಕೆಲಸ. ಈ ಸಲ ರೇಣುಕಾ ನನ್ನ ಹಿಂದೆ ಕೂತಳು. "ನಾ ಮುಂದ ಇದ್ರ ನಿನಗ ಅಡ್ಡಿ. ಎಲ್ಲಿ ಸದ್ದು ಕಮ್ಮಿ, ಎಲ್ಲಿ ಜಾಸ್ತಿ, ಅಷ್ಟು ಹೇಳು, ನಾ ತಿದ್ದತೀನಿ" ಎಂದಳು. ನಾಯಿಯೇ ಬೆನ್ನ ಹಿಂದೆ ಹೋದಮೇಲೆ ತೋಳವನ್ನು ಎಲ್ಲಿ ಹುಡುಕಲಿ? ನನಗೆ ಕೇಳಿಸಿದ್ದನ್ನೇ ಹೇಳುವುದು ಲೇಸು ಎಂದುಕೊಂಡೆ. ನನ್ನ ಇಡೀ ಜನ್ಮದಲ್ಲಿ ಪ್ರಾಮಾಣಿಕತೆ ಅಷ್ಟು ತಪ್ಪು ಹೊತ್ತಿನಲ್ಲಿ ಎಂದೂ ಬಂದಿರಲಿಲ್ಲ.

"ಎಡಗಡಿ ಕಳ್ಳ ಸತ್ತಾನ" ಎಂದೆ. "ಅವಗ ಜೀವ ಹಾಕು."

"ನನಗ ಸರಿ ಕೇಳಾಕತ್ತೈತಲ್ಲಜ್ಜಿ."

"ನಿನ್ನ ಕಿವಿ ಜಡ್ಡುಗಟ್ಯಾವ ಅಂತ ಯಾರಂದ್ರು?"

"ನಾನ."

"ಹತ್ತಕ್ಕ ಹತ್ತು ಯಾರದು?"

"ನಿಂದು."

"ಮತ್ತ!"

ಎಡಗಡೆಯ ಸದ್ದನ್ನು ಏರಿಸಿದಳು. "ಇನ್ನೂ ಉಪವಾಸ ಅದಾನ" ಎಂದೆ. ಏರಿಸಿದಳು. "ಇನ್ನೂ ಬರಿಗಾಲಾಗ ನಡ್ಯಾಕತ್ತಾನ" ಎಂದೆ. ಮತ್ತೆ ಏರಿಸಿದಳು. ಐದನೆಯ ಸಲಕ್ಕೆ ತಲೆಬುರುಡೆಯೊಳಗೆ ದೂರದಲ್ಲಿ ಎಲ್ಲೋ ಧಪ್ ಧಪ್ ಎಂದಂತಾಯಿತು.

"ಈಗ ಬಂದ ನೋಡು ಮಗ!" ಎಂದು ತೊಡೆ ತಟ್ಟಿದೆ.

ಇದೇ ರೀತಿ ಎರಡು ದಿನ ಆ ಕೋಟೆಯ ಎಡಭಾಗದ ಬಾಗಿಲು, ಗಾಳಿ, ಬಾವಲಿ, ನೀರಿನ ಹನಿ, ಎಲ್ಲದಕ್ಕೂ ಜೀವ ಹಾಕಿಸಿದೆ. ರೇಣುಕಾ ಆಗಾಗ ತನ್ನ ಕಿವಿ ಉಜ್ಜಿಕೊಂಡು, "ನನ್ನ ಕಿವಿ ಖರೇನ ಕೆಟ್ಟಾವೇನೋ" ಎನ್ನುತ್ತಿದ್ದಳು. ಪಾಪ, ಕೆಟ್ಟ ಕಿವಿಯೇ ಅವಳಿಗೆ ಸಮಾಧಾನ ಹೇಳುತ್ತಿತ್ತು. ಎಲ್ಲವನ್ನೂ ಮುದುಕ ಎಡಗಡೆ ಕೂತು ನೋಡುತ್ತಿದ್ದ. ಒಂದು ಮಾತೂ ಆಡಲಿಲ್ಲ. ಅದೂ ಅನುಮಾನದ ವಿಷಯವೇ!

ಬುಧವಾರ ಮಧ್ಯಾಹ್ನ ಎರಡಕ್ಕೆ ರೇಣುಕಾ ದೇವರಿಗೆ ಕೈ ಮುಗಿದು ಕಳಿಸಿಬಿಟ್ಟಳು. ಮೂರಕ್ಕೆ ಖಾಜಾಬಿ ಮರ ವಾಪಸು ಕೊಡಲು ಬಂದಳು. ಅಕ್ಕಿ ಕೇರಲು ಬೆಳಿಗ್ಗೆ ಒಯ್ದಿದ್ದ ಮರ. ನನ್ನ ದೊಡ್ಡಸ್ತಿಕೆ ತೋರಿಸಬೇಕಿತ್ತಲ್ಲ, ಅವಳನ್ನೇ ಮೇಲಕ್ಕೆ ಕರೆದೆ.

"ಬಾ ಖಾಜಾಬಿ, ನಾ ಮಾಡಿದ ಕೋಟಿ ಕೇಳು ಬಾ."

ಮುದುಕ ಎಂದಿನಂತೆ ಬಂದು ಕೂತ. ನಾನು ಖಾಜಾಬಿಯ ಬಲಕ್ಕಿದ್ದೆ, ಅವನಿಗೆ ಉಳಿದ ಜಾಗ ಅವಳ ಎಡಕ್ಕೆ. ಹೆಡ್‌ಫೋನು ಏರಿತು. ಖಾಜಾಬಿ ಕಣ್ಣು ಮುಚ್ಚಿ ನಗುತ್ತಾ ತಲೆದೂಗಿದಳು. ಬಲಗಡೆಯ ಗಾಳಿ, ಬಲಗಡೆಯ ಗೂಬೆ. "ಮಸ್ತ್ ಐತಲ್ಲಕ್ಕಾ" ಎಂದಳು.

ಅಷ್ಟರಲ್ಲಿ ಎಡಗಡೆಯ ಕಳ್ಳ ಬಂದ.

"ಯಾ ಅಲ್ಲಾ!" ಖಾಜಾಬಿ ಕೂತಲ್ಲಿಂದ ಒಂದು ಗೇಣು ಹಾರಿದಳು. ಕೈಯಲ್ಲಿದ್ದ ಮರವನ್ನು ಬೀಸಿ ಎಡಕ್ಕೆ ಹೊಡೆದಳು. ಎಡಕ್ಕೆ ಇದ್ದವನು ನಮ್ಮ ಮುದುಕ! ರುಮಾಲು ಹಾರಿ ಮೂಲೆಗೆ ಬಿತ್ತು.

"ಏ ತಂಗಿ! ನಾ ಏನ ಮಾಡೀನಿ?"

"ಮಾಫ್ ಮಾಡು ಅಣ್ಣಾ! ಎಡಗಿವ್ಯಾಗ ಎಮ್ಮಿ ಹೊಕ್ಕಿತು! ನೀನ ಇರಬೇಕು ಅಂದ್ಕೊಂಡೆ!"

ರೇಣುಕಾ ನಗಲಿಲ್ಲ. ಹೆಡ್‌ಫೋನು ಎತ್ತಿ ತಾನು ಹಾಕಿಕೊಂಡಳು. ಆಮೇಲೆ ಅದನ್ನು ಹಿಂದುಮುಂದು ಮಾಡಿ, ಎಡದ್ದು ಬಲಗಿವಿಗೆ ಬರುವ ಹಾಗೆ ಹಾಕಿಕೊಂಡಳು. ಮುಖ ಇಳಿಯಿತು.

"ನನ್ನ ಕಿವಿ ಕೆಟ್ಟಿಲ್ಲ" ಎಂದಳು ಮೆಲ್ಲಗೆ. "ಅಜ್ಜಿ, ಎಡಗಡಿ ಪೂರಾ ಹದಗೆಟ್ಟೈತಿ. ಕಳಿಸಿಬಿಟ್ಟೀನಿ. ಇದನ್ನ ಕೇಳಿದೋರು ನನ್ನನ್ನ ಅಕ್ಕಿ ಮಿಲ್ಲಿಗೂ ಸೇರಸಂಗಿಲ್ಲ."

ಅವಳ ಕಣ್ಣಲ್ಲಿ ನೀರು ನಿಂತಿತ್ತು, ಬೀಳಲಿಲ್ಲ. ಬಿದ್ದಿದ್ದರೆ ನಾನು ಇನ್ನೊಂದು ಸುಳ್ಳು ಹೇಳಿ ಒರೆಸುತ್ತಿದ್ದೆನೋ ಏನೋ.

"ನನಗ ಎಡಗಿವಿ ಕೇಳಂಗಿಲ್ಲ" ಎಂದೆ.

"ಏನು?"

"ಎರಡು ಚಳಿಗಾಲ ಆತು. ಆ ಹತ್ತಕ್ಕ ಹತ್ತು ನಂದಲ್ಲ, ನಿಂದು. ನಿನ್ನ ಹುಬ್ಬು ನೋಡಿ ಹೇಳೀನಿ."

ಖಾಜಾಬಿ ಮರವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಮುದುಕ ರುಮಾಲು ಕೊಡವುತ್ತಾ ಬಾಯಿ ಬಿಟ್ಟ.

"ನನಗ ಮೊದಲ ಗೊತ್ತಿತ್ತು."

"ಗೊತ್ತಿತ್ತಾ?" ಎಂದು ನಾನೂ ರೇಣುಕಾಳೂ ಒಟ್ಟಿಗೇ ಕೂಗಿದೆವು. "ಗೊತ್ತಿದ್ದು ಯಾಕ ಹೇಳಲಿಲ್ರೀ?" ಎಂದೆ.

"ಹೆಂಗ ಹೇಳಲಿ? ನಲವತ್ತು ವರ್ಷ ನಿನ್ನ ಮುಂದ ಒಂದ ಮಾತು ತಿರುಗಿ ಆಡಿಲ್ಲ ನಾ. ಈಗ ಎಡಕ್ಕ ಕುಂತು ಮನಸಿನ್ಯಾಗಿಂದೆಲ್ಲಾ ಹೇಳ್ಕೊಳ್ಳಾಕತ್ತೀನಿ. ನನಗಂತ ಇದ್ದದ್ದ ಆ ಒಂದು ಕಿವಿ. ಅದನ್ನ ನಾನ ಹೋಗಿ ರಿಪೇರಿ ಮಾಡಸ್ಲೇನು?"

ಪ್ರೀತಿ ಉಕ್ಕಿದೆ ಎಂದುಕೊಂಡಿದ್ದೆನಲ್ಲ, ಅದರ ಲೆಕ್ಕ ಅಲ್ಲಿಗೆ ಮುಗಿಯಿತು. ಎಮ್ಮೆಯ ಮಾತೂ ಆಗಲೇ ಹೊರಬಿತ್ತು.

ರೇಣುಕಾ ಗಡಿಯಾರ ನೋಡಿದಳು. "ಆರಕ್ಕ ಇನ್ನೂ ಟೈಮ್ ಐತಿ. ಮತ್ತೊಂದು ಕಳಸ್ತೀನಿ. ಬೀಬೀ, ನಿನ್ನ ಎರಡೂ ಕಿವಿ ಕೇಳ್ತಾವಿಲ್ಲೋ? ಆಣಿ ಮಾಡಿ ಹೇಳು."

"ಕೇಳ್ತಾವವಾ! ನಿಮ್ಮಜ್ಜ ನಿಮ್ಮಜ್ಜಿ ಎಡಕ್ಕ ಕುಂತು ಬೈಯೂದು ನಮ್ಮನಿತನಕ ಕೇಳ್ತೈತಿ!"

ಖಾಜಾಬಿ ಕೂತಳು. ಮರವನ್ನು ಮೊದಲೇ ಕಸಿದುಕೊಂಡೆವು. ರೇಣುಕಾ ಒಂದೊಂದೇ ಸದ್ದನ್ನು ಇಳಿಸುತ್ತಾ ಬಂದಳು. ನಾನು ಜೀವ ಹಾಕಿಸಿದ್ದ ಬಾವಲಿ, ಬಾಗಿಲು, ನೀರಿನ ಹನಿ, ಎಲ್ಲದರ ಜೀವವನ್ನೂ ಒಂದೊಂದಾಗಿ ತೆಗೆದಳು. ನನಗೆ ಕೊಟ್ಟ ಕೆಲಸ ಚಹಾ ಮಾಡುವುದು, ಅದೂ ಕೆಳಗೆ. ಐದೂಮುಕ್ಕಾಲಿಗೆ ಹೊಸದನ್ನು ಕಳಿಸಿ, ಜೊತೆಗೆ ಎರಡು ಸಾಲು ಬರೆದಳು. ಚಹಾ ತಂದವಳು, ಓದಿ ಹೇಳು ಎಂದೆ. "ಮೊದಲು ಕಳಿಸಿದ್ದು ಒಂದೇ ಕಿವಿ ಕೇಳುವ ನಮ್ಮ ಅಜ್ಜಿಯ ಅಳತೆಗೆ ಮಾಡಿದ್ದು. ಈಗ ಕಳಿಸಿದ್ದು ಎಲ್ಲರಿಗೂ."

"ಇದನ್ನ ಬರೀಬೇಕಿತ್ತಾ?"

"ಖರೇ ಐತಲ್ಲ" ಎಂದಳು. "ನೀ ಶನಿವಾರ ಇದಿಷ್ಟು ಹೇಳಿದ್ರ ಸಾಕಿತ್ತು."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಬೈಯಲಿಲ್ಲ, ನಾನು ಲೋಟ ಎತ್ತಿಕೊಂಡು ಕೆಳಗೆ ಹೋದೆ.

ಗುರುವಾರ ಫೋನು ಬರಲಿಲ್ಲ. ನನ್ನ ಮಗ, ರೇಣುಕಾಳ ಅಪ್ಪ, "ಸೋಮವಾರ ಮಿಲ್ಲಿಗೆ ಯಾವ ಬಸ್ಸು?" ಎಂದು ಕೇಳುತ್ತಾ ಮನೆಯಲ್ಲಿ ಅಡ್ಡಾಡಿದ. ನಾನು ಎರಡು ದಿನ ಯಾರಿಗೂ "ಅದೂ ಖರೇನ" ಎನ್ನಲಿಲ್ಲ.

ಶುಕ್ರವಾರ ಸಂಜೆ ಫೋನು ಬಂತು. ರೇಣುಕಾ ಎಲ್ಲರಿಗೂ ಕೇಳುವ ಹಾಗೆ ಇಟ್ಟಳು. ಕಂಪನಿಯ ಹೆಣ್ಣುಮಗಳು ದಕ್ಷಿಣದ ಕಡೆಯ ನಯವಾದ ಕನ್ನಡದಲ್ಲಿ ಹೇಳಿದಳು: "ಎಲ್ಲರೂ ಒಂದೊಂದೇ ಕಳಿಸಿದ್ದರು. ನೀವು ಎರಡು ಕಳಿಸಿದಿರಿ. ಎರಡನೆಯದು ತುಂಬಾ ಚೆನ್ನಾಗಿದೆ. ಮೊದಲನೆಯದು ಕೇಳಿ ನಮ್ಮವರೊಬ್ಬರು ಕುರ್ಚಿಯಿಂದ ಬಿದ್ದರು. ಆದರೆ ಒಂದು ಕಿವಿ ಕೇಳದವರೂ ಈ ಗೇಮು ಆಡುತ್ತಾರೆ, ಅವರ ಬಗ್ಗೆ ನಾವ್ಯಾರೂ ಯೋಚಿಸಿಯೇ ಇರಲಿಲ್ಲ. ಅವರಿಗಾಗಿ ಬೇರೆ ಒಂದು ಸೆಟ್ಟಿಂಗ್ ಇಡೋಣ. ಕೆಲಸ ನಿಮಗೇ. ಸೋಮವಾರದಿಂದ ಶುರು ಮಾಡಿ. ನಿಮ್ಮ ಅಜ್ಜಿ ಪರೀಕ್ಷೆಗೆ ಸಿಗ್ತಾರಲ್ವಾ?"

ರೇಣುಕಾ ಕಿರುಚಿದ್ದು ನನ್ನ ಎಡಗಿವಿಗೂ ಕೇಳಿಸಿತೇನೋ. "ಸಿಗ್ತಾರ ಮೇಡಂ! ಸಿಗ್ತಾರ!"

ಆ ಸಂಜೆ ನನ್ನ ಕಾಲು ನೆಲದ ಮೇಲಿರಲಿಲ್ಲ. ಎರಡು ಕಿವಿ ಇದ್ದವರಿಗೆ ಸಿಗದ ನೌಕರಿ ನನ್ನ ಕಿವುಡಿಗೆ ಸಿಕ್ಕಿತ್ತು! ಯಾರಿಗೂ ಗೊತ್ತಾಗಬಾರದು ಎಂದು ಎರಡು ಚಳಿಗಾಲ ಬಚ್ಚಿಟ್ಟ ಕಿವಿಯನ್ನು ಓಣಿಯ ತುಂಬ ಮೆರೆಸಿಕೊಂಡು ಬಂದೆ. "ಎಡಗಿವಿ ಪೂರಾ ಬಂದ್. ಒಂದು ಹನಿ ಸದ್ದು ಹೋಗಂಗಿಲ್ಲ" ಎಂದು ನಿಂತ ನಿಂತವರಿಗೆ ಹೇಳಿದೆ.

ರೇಣುಕಾ ಹೇಳಿದಳು: "ಅಜ್ಜಿ, ಎಷ್ಟು ಕೇಳ್ತೈತಿ, ಎಷ್ಟು ಕೇಳಂಗಿಲ್ಲ ಅಂತ ಡಾಕ್ಟರ ಕಡಿಂದ ಅಳತಿ ಮಾಡಿಸ್ಕೊಂಡು ಬಾ. ನನಗ ಕೆಲಸಕ್ಕ ಬೇಕು."

"ಬರೆಸ್ಕೊಂಡ ಬರ್ತೀನಿ. ಠಸ್ಸೆ ಹೊಡಿಸ್ಕೊಂಡು!"

ಮರುದಿನ ಬೆಳಿಗ್ಗೆ ಮೊದಲನೆಯ ಬಸ್ಸಿಗೆ ಸಿಂಧನೂರಿಗೆ ಹೋದೆ. ಮುದುಕನೂ ಬಂದ, ಸೀಟಿನಲ್ಲಿ ನನ್ನ ಎಡಕ್ಕೇ ಕೂತ. ಕಿವಿಯ ಡಾಕ್ಟರ ಮುಂದೆ ಕುರ್ಚಿಯಲ್ಲಿ ನೆಟ್ಟಗೆ ಕೂತು, "ಕಿವುಡು ಎಷ್ಟೈತಿ ಅಂತ ಬರ್ಕೊಡ್ರಿ, ನೌಕರಿಗೆ ಬೇಕು" ಎಂದೆ. ಡಾಕ್ಟರು ದೀಪ ಹಿಡಿದು ಇಣುಕಿದರು. ಏನೋ ಎಣ್ಣೆಯಂಥದ್ದು ಬಿಟ್ಟು, ಸಣ್ಣ ಚಿಮುಟ ತೆಗೆದುಕೊಂಡು ಮೆಲ್ಲಗೆ ಎಳೆದರು.

ಮೊದಲು ಹತ್ತಿ ಬಂತು, ಕರ್ರಗೆ. ಅದರೊಳಗೆ ಒಣಗಿ ಕಡ್ಡಿಯಾದ ಒಂದು ಬೆಳ್ಳುಳ್ಳಿ ಎಸಳು. ಅದನ್ನು ತಟ್ಟೆಗೆ ಹಾಕಿದರು. ಟಣ್ ಎಂದಿತು. ಎಡಗಡೆ!

"ಅಜ್ಜಿ, ನಿಮ್ಮ ಕಿವಿಗೆ ಏನೂ ಆಗಿಲ್ಲ" ಎಂದರು ಡಾಕ್ಟರು.

ಫ್ಯಾನಿನ ಗಿರಗಿರ, ಹೊರಗೆ ಬಸ್ಸಿನ ಹಾರ್ನು, ಯಾರೋ ಕೆಮ್ಮಿದ್ದು, ಎಲ್ಲ ಅದದರ ದಿಕ್ಕಿನಿಂದ ಬಂದು ಅದದರ ಜಾಗದಲ್ಲಿ ಕೂತವು. ಎಡದಿಂದ, ಒಂದು ಮೊಳ ದೂರದಿಂದ, ಮುದುಕನ ಗೊಣಗಾಟವೂ ಬಂತು: "ಸತ್ನೆಪ್ಪಾ ಶಿವನ. ಇನ್ನ ನಾ ಎಲ್ಲಿ ಕುಂಡ್ರಲಿ?"

"ಮನ್ಯಾಗ ಮಾತಾಡೂಣಂತ ನಡೀರಿ" ಎಂದೆ. ಬೆಳ್ಳಗಾದ.

ಅಷ್ಟರಲ್ಲಿ ಡಾಕ್ಟರು ತಟ್ಟೆ ಎತ್ತಿಕೊಂಡು ಕಸದ ಡಬ್ಬಿಯ ಕಡೆ ಹೊರಟಿದ್ದರು. ಕುರ್ಚಿಯಿಂದ ಎದ್ದು ಅವರ ಕೈ ಹಿಡಿದೆ.

"ಅದನ್ನ ಒಗೀಬ್ಯಾಡ್ರಿ ಸಾಹೇಬ್ರ. ಕಾಗದದಾಗ ಕಟ್ಟಿ ಕೊಡ್ರಿ. ಸೋಮವಾರದಿಂದ ನನಗ ಡ್ಯೂಟಿ ಐತಿ."